ಶಿಲುಬೆಯ ದಿನ, ಶಿಲುಬೆಯ ಗಳಿಗೆ

ಇತಿಹಾಸವನ್ನು ಬೋಧಿಸುತ್ತಿದ್ದ ದಿನಗಳಲ್ಲಿ ವಿದ್ಯಾರ್ಥಿಗಳು ಆಗಾಗ್ಗೆ ಕೇಳುತ್ತಿದ್ದ ಪ್ರಶ್ನೆಯೊಂದಿತ್ತು: "ಸರ್, ಇಬ್ಬರು ಸಾಕ್ಷಿಗಳು ಎರಡು ಬಗೆಯಾಗಿ ಹೇಳಿದರೆ ಒಬ್ಬರು ಸುಳ್ಳು ಹೇಳಿರಬೇಕಲ್ಲವೇ?" ಈ ಪ್ರಶ್ನೆಯನ್ನು ಒರೆಗೆ ಹಚ್ಚಲು ಬೈಬಲಿನ ನಾಲ್ಕು ಸುವಾರ್ತೆಗಳಿಗಿಂತ ಉತ್ತಮವಾದ ನಿದರ್ಶನ ನನಗೆ ತಿಳಿಯದು.

ಪೊಂತ್ಯ ಪಿಲಾತನ ಅಧಿಕಾರಾವಧಿಯಲ್ಲಿ (ಕ್ರಿ.ಶ. 26–36), ಪಸ್ಕ ಹಬ್ಬದ ಸಮಯದಲ್ಲಿ, ಒಂದು ಶುಕ್ರವಾರ ಯೇಸುವನ್ನು ಶಿಲುಬೆಗೇರಿಸಲಾಯಿತೆಂಬುದರಲ್ಲಿ ನಾಲ್ವರಿಗೂ ಒಮ್ಮತವಿದೆ. ಭೇದವಿರುವುದು ತಿಥಿಯಲ್ಲಿ ಮತ್ತು ಗಳಿಗೆಯಲ್ಲಿ. ಯೆಹೂದ್ಯರಿಗೆ ದಿನವು ಸೂರ್ಯಾಸ್ತದಿಂದ ಆರಂಭವಾಗುತ್ತದೆ. ನೀಸಾನ್ ಮಾಸದ 14ರ ಅಪರಾಹ್ನ ಕುರಿಮರಿಗಳನ್ನು ವಧಿಸಿ, ಅಂದು ಸಂಜೆ, ಅಂದರೆ 15ನೆಯ ದಿನ ತೊಡಗಿದೊಡನೆ, ಪಸ್ಕದ ಊಟ ಮಾಡುವರು. ಮಾರ್ಕನ ಪ್ರಕಾರ ಯೇಸುವಿನ ಕಡೆಯ ಭೋಜನವೇ ಆ ಊಟ. ಮರುಬೆಳಗ್ಗೆ ಮೂರನೆಯ ತಾಸಿಗೆ, ಎಂದರೆ ಸುಮಾರು ಒಂಬತ್ತು ಗಂಟೆಗೆ, ಶಿಲುಬೆ. ಯೋಹಾನನಲ್ಲಾದರೋ, ಯೇಸುವನ್ನು ಪಿಲಾತನ ಬಳಿಗೆ ತಂದವರು ಪಸ್ಕದ ಊಟವನ್ನು ಇನ್ನೂ ಮಾಡಬೇಕಾಗಿದೆ. ಮೈಲಿಗೆಯಾದೀತೆಂದು ಅವರು ಒಳಗೆ ಕಾಲಿಡುವುದಿಲ್ಲ. ಪಿಲಾತನು ನ್ಯಾಯಪೀಠದಲ್ಲಿ ಕುಳಿತಾಗಲೇ ಸುಮಾರು ಆರನೆಯ ತಾಸು, ಅಂದರೆ ನಡುಹಗಲು.

ಇದನ್ನು ಹೊಂದಿಸಲು ಯತ್ನಿಸಿದವರು ಅನೇಕರು. ಕ್ರಿ.ಶ. 400ರ ಸುಮಾರಿನಲ್ಲಿ ಸಂತ ಅಗಸ್ಟೀನನು, ಮೂರನೆಯ ತಾಸಿಗೆ ಶಿಲುಬೆಗೇರಿಸಿದ್ದು ಕೂಗಿದವರ ನಾಲಿಗೆ, ಆರನೆಯ ತಾಸಿಗೆ ಸೈನಿಕರ ಕೈ ಎಂದು ಸಮನ್ವಯ ಮಾಡಿದನು. 1957ರಲ್ಲಿ ಫ್ರೆಂಚ್ ವಿದುಷಿ ಆನಿ ಜೋಬೇರ್ ಅವರು, ಕುಮ್ರಾನ್ ಹಸ್ತಪ್ರತಿಗಳಲ್ಲಿ ಕಾಣುವ 364 ದಿನಗಳ ಪಂಚಾಂಗವನ್ನು ಆಧರಿಸಿ, ಭೋಜನವು ಮಂಗಳವಾರವೇ ನಡೆಯಿತೆಂದು ವಾದಿಸಿದರು. ಆದರೆ ಭೋಜನಕ್ಕೂ ಮರಣಕ್ಕೂ ನಡುವೆ ಅಷ್ಟು ದಿನಗಳ ಅಂತರವನ್ನು ಯಾವ ಸುವಾರ್ತೆಯೂ ಹೇಳುವುದಿಲ್ಲ. ಯೇಸುವನ್ನು ದೇವರ ಕುರಿಮರಿಯೆಂದು ಕರೆಯುವ ಯೋಹಾನನು, ಕುರಿಮರಿಗಳ ವಧೆಯ ದಿನಕ್ಕೇ ಆ ಮರಣವನ್ನು ಹೊಂದಿಸಿದನೆಂಬುದು ಹಲವು ವಿದ್ವಾಂಸರ ಅಭಿಪ್ರಾಯ.

ಇಲ್ಲಿ ಮೂವರಿಗೆ ಒಬ್ಬನೆಂದು ಮತ ಎಣಿಸುವಂತಿಲ್ಲ. ಮತ್ತಾಯ, ಲೂಕರು ಮಾರ್ಕನನ್ನು ಮುಂದಿಟ್ಟುಕೊಂಡೇ ಬರೆದರೆಂಬುದು ಬಹುಮಾನ್ಯವಾದ ನಿಲುವು. ಹಾಗಾದರೆ ಇರುವುದು ಎರಡೇ ಸಾಕ್ಷ್ಯ.

ಈ ತೊಡಕನ್ನು ಇಲ್ಲವಾಗಿಸುವ ಸುಲಭದ ದಾರಿಯೂ ಒಂದಿತ್ತು. ಕ್ರಿ.ಶ. 170ರ ಸುಮಾರಿಗೆ ತಾತಿಯಾನನು ನಾಲ್ಕನ್ನೂ ಹೆಣೆದು 'ದಿಯಾತೆಸ್ಸರೋನ್' ಎಂಬ ಒಂದೇ ಕಥನವನ್ನು ರಚಿಸಿದನು. ಸಿರಿಯಾಕ್ ಸಭೆಗಳಲ್ಲಿ ಬಹುಕಾಲ ಅದನ್ನೇ ಓದುತ್ತಿದ್ದರು. ಐದನೆಯ ಶತಮಾನದಲ್ಲಿ ಬಿಷಪ್ ಥಿಯೊಡೊರೆಟನು ಅದರ ಇನ್ನೂರಕ್ಕೂ ಹೆಚ್ಚು ಪ್ರತಿಗಳನ್ನು ತೆಗೆಸಿ, ನಾಲ್ಕು ಸುವಾರ್ತೆಗಳನ್ನು ಇರಿಸಿದನು. ತಾತಿಯಾನನು ವಂಶಾವಳಿಗಳನ್ನು ಕತ್ತರಿಸಿದ್ದನೆಂಬುದು ಅವನ ಆಕ್ಷೇಪ. ಅವನ ಉದ್ದೇಶ ಏನೇ ಇರಲಿ, ಭೇದಗಳೂ ಉಳಿದು ಬಂದವು.

ಆದುದರಿಂದ ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುತ್ತಿದ್ದುದು ಇಷ್ಟೆ: ಎರಡು ತಿಥಿಗಳೂ ಒಂದೇ ಪಂಚಾಂಗದಲ್ಲಿ ಸರಿಯಾಗಿರಲಾರವು, ಆದರೆ ತಪ್ಪು ಬೇರೆ, ಸುಳ್ಳು ಬೇರೆ. ಸಾಕ್ಷಿಗಳ ಮಾತನ್ನು ತಿದ್ದಿ ಒಂದಾಗಿಸಿದವನು ನಮಗೆ ನೆಮ್ಮದಿ ಕೊಟ್ಟಾನು. ಪರೀಕ್ಷಿಸುವ ಅವಕಾಶವನ್ನು ಮಾತ್ರ ಕಸಿದುಕೊಳ್ಳುತ್ತಾನೆ.