ಕಪ್ಪು ಚುಕ್ಕೆಯ ಪುಸ್ತಕ ಮತ್ತು ಹಳೆಯ ಮೇಜಿನ ಖಾನೆ: ದಿನಚರಿಯ ಒಂದು ಚರಿತ್ರೆ



ನಮ್ಮ ಭಾಷೆಯಲ್ಲಿ ‘ಅಚ್ಚುಕಟ್ಟು’, ‘ಒಪ್ಪ ಓರಣ’ ಎನ್ನುವುದೆಲ್ಲ ಹೊಗಳಿಕೆಯ ಮಾತುಗಳು. ‘ಅವಳ ಕೆಲಸದಲ್ಲಿ ಒಂದು ಕೊಂಕು ಹುಡುಕಲಾಗದು’ ಎಂದರೆ ಅದಕ್ಕಿಂತ ದೊಡ್ಡ ಬಿರುದು ಬೇರೆ ಇಲ್ಲ. ಆದರೆ ಇದೇ ಗುಣ ಮಿತಿ ಮೀರಿದರೆ? ಸಾರಿಗೆ ಉಪ್ಪು ಒಂದು ಚಿಟಿಕೆ ಹೆಚ್ಚಾದರೆ ಇಡೀ ಹಬ್ಬದ ಅಡುಗೆಯೇ ಕೆಟ್ಟಿತು, ಅಡುಗೆ ಮಾಡಿದ ನಾನೂ ಕೆಲಸಕ್ಕೆ ಬಾರದವಳು ಎಂದು ಮನಸ್ಸು ಹೇಳತೊಡಗಿದರೆ? ಅದಕ್ಕೆ ನಮ್ಮ ಮನೆಮಾತಿನಲ್ಲಿ ಹೆಸರಿಲ್ಲ. ಪರ್ಫೆಕ್ಷನಿಸಂ ಎಂಬ ಎರವಲು ಪದವನ್ನೇ ಬಳಸುತ್ತೇವೆ. ನಾನು ಇಲ್ಲಿ ಅದನ್ನು ಪರಿಪೂರ್ಣತೆಯ ಗೀಳು ಎಂದು ಕರೆಯುತ್ತೇನೆ.

ಕೆನಡಾದ ಮನಶ್ಶಾಸ್ತ್ರಜ್ಞರಾದ ಪಾಲ್ ಹೆವಿಟ್ ಮತ್ತು ಗಾರ್ಡನ್ ಫ್ಲೆಟ್ 1991ರಲ್ಲಿ ಈ ಗೀಳಿನ ಮೂರು ಮುಖಗಳನ್ನು ಗುರುತಿಸಿದರು. ಒಂದು, ನಾನು ನನ್ನಿಂದಲೇ ಪರಿಪೂರ್ಣತೆ ಬಯಸುವುದು. ಎರಡು, ಬೇರೆಯವರಿಂದ ಅದನ್ನು ಬಯಸುವುದು. ಮೂರು, ಲೋಕವೆಲ್ಲ ನನ್ನಿಂದ ಅದನ್ನೇ ಬಯಸುತ್ತಿದೆ ಎಂದು ನಂಬಿಕೊಳ್ಳುವುದು. ಮೂರನೆಯದು ನಮಗೆ, ಅದರಲ್ಲೂ ಊರು ಬಿಟ್ಟು ಪರಭಾಷೆಯ ನಡುವೆ ಸಂಸಾರ ಹೂಡಿದ ಹೆಂಗಸರಿಗೆ, ಚೆನ್ನಾಗಿ ಗೊತ್ತು. ಊರಿನವರೂ ಮೆಚ್ಚಬೇಕು, ಇಲ್ಲಿನ ನೆರೆಯವರೂ ಮೆಚ್ಚಬೇಕು.

ಈ ಗೀಳನ್ನು ಹಿಡಿತದಲ್ಲಿಡಲು ದಿನಚರಿ ಬರೆಯಿರಿ ಎಂದು ಈಗ ಎಲ್ಲರೂ ಹೇಳುತ್ತಾರೆ. ಆದರೆ ದಿನಚರಿಯ ಚರಿತ್ರೆಯನ್ನು ನೋಡಿದರೆ ಒಂದು ವಿಷಯ ತಿಳಿಯುತ್ತದೆ. ಎಲ್ಲ ದಿನಚರಿಯೂ ಮದ್ದಲ್ಲ. ಕೆಲವು ಪುಸ್ತಕಗಳು ಗೀಳನ್ನು ಸಾಕಿ ಬೆಳೆಸುತ್ತವೆ, ಕೆಲವು ಅದರ ಕಟ್ಟು ಸಡಿಲಿಸುತ್ತವೆ. ಈ ವ್ಯತ್ಯಾಸವನ್ನು ಮೂವರು ದಿನಚರಿಕಾರರ ಮೂಲಕ ಹೇಳಬೇಕೆಂದು ಈ ಬರಹ.

ಮೊದಲನೆಯವರು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ (1706–1790). ಫಿಲಡೆಲ್ಫಿಯಾದಲ್ಲಿ ಯುವ ಮುದ್ರಕನಾಗಿದ್ದಾಗ ಆತ ಒಂದು ಸಾಹಸದ ಯೋಜನೆ ಹಾಕಿದ. ನಡತೆಯಲ್ಲಿ ಯಾವ ದೋಷವೂ ಇಲ್ಲದ ಪರಿಪೂರ್ಣ ಮನುಷ್ಯನಾಗಬೇಕು! ಅದಕ್ಕಾಗಿ ಮಿತಾಹಾರ, ಮೌನ, ಶಿಸ್ತು, ಮಿತವ್ಯಯ, ಪರಿಶ್ರಮ ಮುಂತಾಗಿ ಗುಣಗಳ ಪಟ್ಟಿ ಮಾಡಿದ. ಮೊದಲು 12 ಇದ್ದವು. ನಿನಗೆ ಸ್ವಲ್ಪ ಜಂಬ ಇದೆ ಎಂದು ಸ್ನೇಹಿತನೊಬ್ಬ ಹೇಳಿದ ಮೇಲೆ ವಿನಯವೂ ಸೇರಿ 13 ಆದವು. ಒಂದು ಪುಟ್ಟ ಪುಸ್ತಕದಲ್ಲಿ ಪುಟಕ್ಕೊಂದು ಗುಣದ ಹೆಸರು ಬರೆದು, ವಾರದ ಏಳು ದಿನಕ್ಕೆ ಕೆಂಪು ಶಾಯಿಯಲ್ಲಿ ಏಳು ಮನೆ ಎಳೆದ. ಪ್ರತಿ ಸಂಜೆ ಅಂದಿನ ತಪ್ಪುಗಳನ್ನು ನೆನೆದು ಆಯಾ ಗುಣದ ಮನೆಯಲ್ಲಿ ಕಪ್ಪು ಚುಕ್ಕೆ ಇಡಬೇಕು. ವಾರಕ್ಕೊಂದು ಗುಣದ ಮೇಲೆ ವಿಶೇಷ ಗಮನ. 13 ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು.

ಆಮೇಲೆ ನಡೆದದ್ದನ್ನು ಆತನೇ ತನ್ನ ಆತ್ಮಕಥೆಯಲ್ಲಿ ನಗುತ್ತ ಹೇಳಿಕೊಂಡಿದ್ದಾನೆ. ಹೊಸ ಸುತ್ತಿಗಾಗಿ ಹಳೆಯ ಚುಕ್ಕೆಗಳನ್ನು ಕೆರೆದು ಕೆರೆದು ಕಾಗದವೇ ತೂತು ಬಿದ್ದಿತು! ಆಗ ದಂತದ ಹಾಳೆಗಳಿದ್ದ ಟಿಪ್ಪಣಿ ಪುಸ್ತಕಕ್ಕೆ ಕೋಷ್ಟಕವನ್ನು ವರ್ಗಾಯಿಸಿ, ಸೀಸದ ಕಡ್ಡಿಯಲ್ಲಿ ಚುಕ್ಕೆಯಿಟ್ಟು, ಒದ್ದೆ ಸ್ಪಂಜಿನಿಂದ ಒರೆಸತೊಡಗಿದ. ನಮ್ಮ ಕನ್ನಡ ನಾಡಿನ ಹಳೆಯ ಕಡತ ಇದನ್ನು ನೆನಪಿಸುತ್ತದೆ. ಬಟ್ಟೆಗೆ ಹುಣಿಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಚಿ ಮಾಡಿದ ಕಪ್ಪು ಪುಸ್ತಕವದು. ಬಳಪದಲ್ಲಿ ಬರೆಯಬಹುದು, ಬೇಕೆಂದಾಗ ಒರೆಸಿ ಮತ್ತೆ ಬರೆಯಬಹುದು. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರ. ಒರೆಸಿ ಬರೆಯುವ ಅನುಕೂಲ ನಮ್ಮ ಹಿರಿಯರಿಗೂ ಬೇಕಾಗಿತ್ತು ಅಂದಹಾಗಾಯಿತು.

ಫ್ರಾಂಕ್ಲಿನ್ನನನ್ನು ಅತಿ ಹೆಚ್ಚು ಕಾಡಿದ್ದು ಶಿಸ್ತು, ಅಂದರೆ ವಸ್ತುಗಳನ್ನು ಅವುಗಳ ಜಾಗದಲ್ಲಿ, ಕೆಲಸಗಳನ್ನು ಅವುಗಳ ವೇಳೆಯಲ್ಲಿ ಇಡುವುದು. ಅದು ಅವನಿಗೆ ಕೊನೆಗೂ ಒಲಿಯಲಿಲ್ಲ. ಈ ಸಂದರ್ಭದಲ್ಲಿ ಆತ ಹೇಳುವ ಕಥೆ ಚೆನ್ನಾಗಿದೆ. ಒಬ್ಬ ಕೊಡಲಿ ಕೊಳ್ಳಲು ಹೋದ. ಅಲಗಿನಂತೆ ಇಡೀ ಕೊಡಲಿ ಹೊಳೆಯಬೇಕೆಂದ. ಆಗಲಿ, ನೀನು ಸಾಣೆಚಕ್ರ ತಿರುಗಿಸು ಎಂದ ಕಮ್ಮಾರ. ತಿರುಗಿಸಿ ತಿರುಗಿಸಿ ಸುಸ್ತಾದ ಗಿರಾಕಿ, ಇನ್ನು ಸಾಕು, ಹೀಗೇ ಕೊಡು ಎಂದ. ಇನ್ನೂ ಕಲೆಗಳಿವೆಯಲ್ಲ ಎಂದರೆ, ನನಗೆ ಕಲೆಯಿರುವ ಕೊಡಲಿಯೇ ಇಷ್ಟ ಎಂದುಬಿಟ್ಟ! ಪರಿಪೂರ್ಣತೆಯ ಹತ್ತಿರವೂ ಸುಳಿಯಲಾಗಲಿಲ್ಲ, ಆದರೂ ಪ್ರಯತ್ನದಿಂದ ಸ್ವಲ್ಪ ಒಳ್ಳೆಯವನೂ ಸುಖಿಯೂ ಆದೆ ಎಂದು ಆತ ಮುಪ್ಪಿನಲ್ಲಿ ಬರೆದ. ಫ್ರಾಂಕ್ಲಿನ್ ತನ್ನ ಚುಕ್ಕೆಗಳನ್ನು ನೋಡಿ ನಗಬಲ್ಲವನಾಗಿದ್ದ. ಹಾಗೆ ನಗಲಾಗದವರ ಕೈಗೆ ಇಂಥ ಪುಸ್ತಕ ಸಿಕ್ಕರೆ ಅದು ಪ್ರತಿ ರಾತ್ರಿ ಕೂರುವ ನ್ಯಾಯಾಲಯವಾಗುತ್ತದೆ. ಫೋನಿನಲ್ಲಿ ಇಂದು ಎಷ್ಟು ಹೆಜ್ಜೆ ನಡೆದೆ, ಎಷ್ಟು ಲೋಟ ನೀರು ಕುಡಿದೆ ಎಂದು ಗುರುತು ಹಾಕುವ ಪಟ್ಟಿಗಳೂ ಇದೇ ವಂಶದವು.

ಎರಡನೆಯವರು ಇಂಗ್ಲೆಂಡಿನ ಲೇಖಕಿ ವರ್ಜೀನಿಯಾ ವುಲ್ಫ್ (1882–1941). ತನ್ನ ಕಾದಂಬರಿಗಳ ಒಂದೊಂದು ವಾಕ್ಯವನ್ನೂ ತಿದ್ದಿ ತೀಡುತ್ತಿದ್ದವರು ಅವರು. ಪುಸ್ತಕ ಹೊರಬರುವ ದಿನ ಹತ್ತಿರ ಬಂದಂತೆ ವಿಮರ್ಶಕರು ಏನೆನ್ನುವರೋ ಎಂದು ನಲುಗುತ್ತಿದ್ದರು. ಇದೇ ವುಲ್ಫ್ 1915ರಿಂದ ಸಾಯುವವರೆಗೆ, ನಡುನಡುವೆ ಬಿಡುವು ಕೊಟ್ಟರೂ, ದಿನಚರಿ ಬರೆದರು. 1919ರಲ್ಲಿ ಅವರು ತಮ್ಮ ಹಿಂದಿನ ವರ್ಷದ ಪುಟಗಳನ್ನು ತಿರುವಿ ಹಾಕಿದರು. ಎಡವುತ್ತ ಮುಗ್ಗರಿಸುತ್ತ ಓಡುವ ಬರಹ ಕಂಡು ಮೊದಲು ಮುಜುಗರವಾಯಿತು. ಆದರೆ ಕೂಡಲೇ ಅವರಿಗೆ ಹೊಳೆದದ್ದು ಬೇರೆ. ನಿಂತು ಯೋಚಿಸಿ ಬರೆದಿದ್ದರೆ ಇದರಲ್ಲಿ ಒಂದು ಸಾಲೂ ಹುಟ್ಟುತ್ತಿರಲಿಲ್ಲ. ಓಡುವಾಗಲೇ ಎಷ್ಟೋ ಒಳ್ಳೆಯ ವಿಷಯಗಳು ತಾವಾಗಿ ಸಿಕ್ಕಿವೆ. ನನ್ನ ದಿನಚರಿ ಹಳೆಯ ಮೇಜಿನ ಆಳವಾದ ಖಾನೆಯ ಹಾಗಿರಲಿ, ಸಿಕ್ಕಿದ್ದನ್ನೆಲ್ಲ ನೋಡದೆ ಅದರೊಳಗೆ ಎಸೆಯುವಂತಿರಲಿ ಎಂಬ ಅರ್ಥದ ಮಾತು ಅಲ್ಲಿದೆ. ತನ್ನ ಕಣ್ಣಿಗೆ ಮಾತ್ರ ಎಂದು ಬರೆಯುವ ಈ ಅಭ್ಯಾಸ ಕೈಯ ಬಿಗಿ ಬಿಡಿಸುತ್ತದೆ ಎಂದೂ ಅವರು ಕಂಡುಕೊಂಡರು. ಚಹಾ ಆದ ಮೇಲಿನ ಅರ್ಧ ಗಂಟೆಯ ಬರಹ, ಕಾದಂಬರಿ ಬರೆಯುವ ಕೈಗೆ ವ್ಯಾಯಾಮವಾಯಿತು.

ವುಲ್ಫ್ ಹೇಳಿದ ಇನ್ನೊಂದು ವಿಷಯ ನಮ್ಮಂಥವರಿಗೆ ನೇರವಾಗಿ ತಾಗುವಂಥದು. 1931ರ ಜನವರಿಯಲ್ಲಿ ಲಂಡನ್ನಿನಲ್ಲಿ ದುಡಿಯುವ ಮಹಿಳೆಯರ ಒಂದು ಸಭೆಯಲ್ಲಿ ಅವರು ‘ಮನೆಯ ದೇವತೆ’ ಎಂಬ ಭೂತದ ಬಗ್ಗೆ ಮಾತನಾಡಿದರು. ಆಕೆ ತನಗಾಗಿ ಏನನ್ನೂ ಬಯಸುವುದಿಲ್ಲ. ಗಾಳಿ ಬೀಸುವ ಮೂಲೆಯಲ್ಲಿ ತಾನೇ ಕೂರುತ್ತಾಳೆ. ಎಲ್ಲರನ್ನೂ ಮೆಚ್ಚಿಸುತ್ತಾಳೆ. ಬರೆಯಲು ಕುಳಿತಾಗಲೆಲ್ಲ ಆಕೆ ಬೆನ್ನ ಹಿಂದೆ ನಿಂತು, ಯಾರ ಮನಸ್ಸೂ ನೋಯದಂತೆ ಬರಿ ಎಂದು ಪಿಸುಗುಡುತ್ತಿದ್ದಳು. ಅವಳನ್ನು ಕೊಲ್ಲದೆ ಬರೆಯಲಾಗುತ್ತಿರಲಿಲ್ಲ, ಶಾಯಿ ಕುಡಿಕೆಯನ್ನೇ ಅವಳತ್ತ ಎಸೆದೆ ಎಂದರು ವುಲ್ಫ್. ಆ ಭಾಷಣದ ಹಿಂದಿನ ದಿನ ಸ್ನಾನ ಮಾಡುತ್ತಿದ್ದಾಗ ಹೊಸ ಪುಸ್ತಕವೊಂದು ಹೊಳೆಯಿತೆಂದು ದಿನಚರಿಯಲ್ಲಿ ಗೀಚಿಕೊಂಡಿದ್ದಾರೆ. ಆ ಬೀಜವೇ ಮುಂದೆ 1937 ಮತ್ತು 1938ರಲ್ಲಿ ಎರಡು ಪುಸ್ತಕಗಳಾಗಿ ಬೆಳೆಯಿತು.

ಇಲ್ಲಿ ಒಂದು ಮಾತು ಮುಚ್ಚಿಡಬಾರದು. ವುಲ್ಫ್ ಅವರಿಗೆ ತೀವ್ರವಾದ ಮಾನಸಿಕ ಕಾಯಿಲೆ ಇತ್ತು. 1941ರ ಮಾರ್ಚ್‌ನಲ್ಲಿ ಅವರು ತಮ್ಮ ಬದುಕನ್ನು ತಾವೇ ಕೊನೆಗೊಳಿಸಿಕೊಂಡರು. ದಿನಚರಿ ಅವರಿಗೆ ಬರೆಯುವ ಸ್ವಾತಂತ್ರ್ಯ ಕೊಟ್ಟಿತು, ಕಾಯಿಲೆಯನ್ನು ವಾಸಿ ಮಾಡಲಿಲ್ಲ. ಪುಸ್ತಕ ಪುಸ್ತಕವೇ, ವೈದ್ಯರು ವೈದ್ಯರೇ. ನಿದ್ದೆ ಬಾರದೆ, ಬದುಕೇ ಬೇಡವೆನಿಸಿದಾಗ ಹೋಗಬೇಕಾದದ್ದು ವೈದ್ಯರ ಬಳಿಗೆ.

ಮೂರನೆಯವರ ಹೆಸರನ್ನು ನಮ್ಮಲ್ಲಿ ಹೆಚ್ಚಿನವರು ಕೇಳಿರಲಾರರು. ಮೇರಿಯನ್ ಮಿಲ್ನರ್ (1900–1998). ಲಂಡನ್ನಿನಲ್ಲಿ ಮನಶ್ಶಾಸ್ತ್ರ ಓದಿದ ಯುವತಿ. ಓದು, ಕೆಲಸ ಎಲ್ಲ ಇದ್ದರೂ ತಾನು ಬದುಕುತ್ತಿರುವುದು ಬೇರೆಯವರ ಅಳತೆಗೋಲಿನಲ್ಲಿ ಎಂಬ ಅನುಮಾನ. 1926ರಲ್ಲಿ ಅವರು ದಿನಚರಿ ಶುರುಮಾಡಿದರು. ಫ್ರಾಂಕ್ಲಿನ್ ದಿನದ ತಪ್ಪುಗಳನ್ನು ಲೆಕ್ಕ ಹಾಕಿದರೆ, ಮಿಲ್ನರ್ ಇಂದು ಯಾವ ಗಳಿಗೆಯಲ್ಲಿ ಸಂತೋಷವಾಯಿತು ಎಂಬುದನ್ನು ಬರೆದರು. ಜೊತೆಗೆ ಮನಸ್ಸಿಗೆ ಬಂದದ್ದನ್ನು ತಡೆಯದೆ ಬರೆಯುವುದನ್ನೂ ರೂಢಿಸಿಕೊಂಡರು. ಏಳೆಂಟು ವರ್ಷದ ಈ ಪ್ರಯೋಗ 1934ರಲ್ಲಿ ಜೋನಾ ಫೀಲ್ಡ್ ಎಂಬ ಗುಪ್ತನಾಮದಲ್ಲಿ ಪುಸ್ತಕವಾಯಿತು.

ಅವರ ಮುಖ್ಯ ಶೋಧ ಇದು. ನಾವು ಗಮನಿಸದೆ ಬಿಟ್ಟಾಗ ಮನಸ್ಸಿನ ವಟಗುಟ್ಟುವಿಕೆಗೆ ನಡುವಿನ ದಾರಿ ತಿಳಿಯದು. ಎಲ್ಲ ಅಥವಾ ಏನೂ ಇಲ್ಲ, ಇಷ್ಟೇ ಅದರ ಲೆಕ್ಕ. ಆದರೆ ಅದೇ ಯೋಚನೆಯನ್ನು ಕಾಗದದ ಮೇಲೆ ಇಳಿಸಿ ಕಣ್ಣಿಟ್ಟು ನೋಡಿದರೆ ಅದರ ಬಾಲಿಶತನ ಕಾಣುತ್ತದೆ, ಅದರ ಹಿಡಿತ ಕಡಿಮೆಯಾಗುತ್ತದೆ. ತನಗೆ ನಿಜವಾಗಿ ಸುಖ ಕೊಟ್ಟ ಗಳಿಗೆಗಳು, ತಾನು ಮುಖ್ಯವೆಂದು ಬೆನ್ನು ಹತ್ತಿದ ಸಾಧನೆಗಳಿಗಿಂತ ಬೇರೆ ಕಡೆ ಇವೆ ಎಂಬುದೂ ಅವರಿಗೆ ಆ ಪುಟಗಳಿಂದಲೇ ತಿಳಿಯಿತು. ಮುಂದೆ ಮಿಲ್ನರ್ ಮನೋವಿಶ್ಲೇಷಕಿಯಾಗಿ ಹೆಸರಾದರು.

ಇವರ ಕಥೆ ಓದುವಾಗ ನನಗೆ ನನ್ನ ಅಮ್ಮನ ಲೆಕ್ಕದ ಪುಸ್ತಕಗಳು ಕಣ್ಣ ಮುಂದೆ ಬರುತ್ತವೆ. ಮದುವೆಯಾಗಿ ಮುಂಬಯಿಗೆ ಬಂದವಳು ಇಲ್ಲಿನ ಒಂದೂವರೆ ಕೋಣೆಯ ಮನೆಯಲ್ಲಿ ಮೂವತ್ತು ವರ್ಷ ಖರ್ಚು ಬರೆದಿಟ್ಟಳು. ಹಾಲು, ಕೊತ್ತಂಬರಿ, ಲೋಕಲ್ ಪಾಸು, ಊರಿಗೆ ಮನಿಯಾರ್ಡರ್. ಮುತ್ತು ಪೋಣಿಸಿದಂಥ ಅಂಕಿಗಳು, ಒಂದು ಕಾಟು ಇಲ್ಲ. ಕೂಡಿಸುವುದು ತಪ್ಪಿದ ಪುಟವನ್ನು ಹರಿದು ಹೊಸದಾಗಿ ಬರೆದ ಗುರುತು ಹೊಲಿಗೆಯ ಬಳಿ ಕಾಣುತ್ತದೆ. ನನ್ನ ತಮ್ಮ ಟೈಫಾಯ್ಡ್‌ನಿಂದ ಆಸ್ಪತ್ರೆಯಲ್ಲಿದ್ದ ಹನ್ನೊಂದು ದಿನವೂ ಬರೆದಿದ್ದಾಳೆ. ಮೋಸಂಬಿ ಇಷ್ಟು, ಟ್ಯಾಕ್ಸಿ ಇಷ್ಟು. ಅವಳಿಗೆ ಭಯವಾಯಿತೇ, ಅತ್ತಳೇ, ಯಾರಿಗೆ ಹೇಳಿಕೊಂಡಳು? ಒಂದು ಸಾಲೂ ಇಲ್ಲ. ಅವಳು ಹೋದ ಮೇಲೆ ಎಲ್ಲ ಪುಸ್ತಕಗಳನ್ನೂ ಹುಡುಕಿದೆ. ರೂಪಾಯಿ ಪೈಸೆಯ ಲೆಕ್ಕವೆಲ್ಲ ಸರಿಯಾಗಿದೆ, ಅಮ್ಮ ಮಾತ್ರ ಅದರಲ್ಲಿಲ್ಲ.

ಈ ಸಂಚಿಕೆಗಾಗಿ ಬರಹ ಕೇಳಲು ಸದಸ್ಯೆಯರಿಗೆ ಫೋನ್ ಮಾಡಿದಾಗಲೂ ನನಗೆ ಅದೇ ನೆನಪಾಯಿತು. ಎಷ್ಟೋ ಜನ ಹೇಳಿದ್ದು ಒಂದೇ ಮಾತು. ‘ನಾನು ಓದಿದ್ದು ಮರಾಠಿ ಮಾಧ್ಯಮದಲ್ಲಿ, ಒತ್ತಕ್ಷರ ತಪ್ಪುತ್ತದೆ.’ ‘ನಮ್ಮದು ಮನೆಯಲ್ಲಿ ಆಡುವ ಕನ್ನಡ, ಬರೆಯುವ ಕನ್ನಡ ಅಲ್ಲ.’ ಇವರಲ್ಲಿ ಗಿರಣಿ ಮುಷ್ಕರದ ಕಾಲದಲ್ಲಿ ಹೊಲಿಗೆ ಮಾಡಿ ಮನೆ ನಡೆಸಿದವರಿದ್ದಾರೆ, ರಾತ್ರಿ ಶಾಲೆಯಲ್ಲಿ ಪಾಠ ಹೇಳಿದವರಿದ್ದಾರೆ. ಅವರ ಅನುಭವವನ್ನು ಬೇರೆ ಯಾರೂ ಬರೆಯಲಾರರು. ಒಂದು ಒತ್ತಕ್ಷರದ ಭಯಕ್ಕೆ ಒಂದು ಬದುಕಿನ ಚರಿತ್ರೆ ಅಳಿಸಿಹೋಗುವುದೆಂದರೆ ಅದು ದುಬಾರಿ ಲೆಕ್ಕ.

ಬರೆಯುವುದರಿಂದ ಉಪಯೋಗವಿದೆಯೇ ಎಂದು ಪರೀಕ್ಷಿಸಿ ನೋಡಿದವರೂ ಇದ್ದಾರೆ. ಅಮೆರಿಕದ ಜೇಮ್ಸ್ ಪೆನ್ನಿಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ತಮ್ಮ ಬದುಕಿನ ನೋವಿನ ಘಟನೆಯನ್ನೂ ಆಗಿನ ಭಾವನೆಯನ್ನೂ ಒಟ್ಟಿಗೆ ಬರೆದವರಿಗೆ ಆ ಹೊತ್ತಿನಲ್ಲಿ ಮನಸ್ಸು ಭಾರವಾಯಿತು. ಆದರೆ ಮುಂದಿನ ಆರು ತಿಂಗಳಲ್ಲಿ ಅವರು ಆರೋಗ್ಯ ಕೇಂದ್ರಕ್ಕೆ ಹೋದದ್ದು, ಸಾಮಾನ್ಯ ವಿಷಯ ಬರೆದವರಿಗಿಂತ ಕಡಿಮೆ. ಪೆನ್ನಿಬೇಕರ್ ತಮ್ಮ ಇಂಥ ಪ್ರಯೋಗಗಳಲ್ಲಿ ಕೊಡುತ್ತ ಬಂದ ಸೂಚನೆಯಲ್ಲಿ ಒಂದು ಮಾತು ಇರುತ್ತದೆ. ಕಾಗುಣಿತ, ವ್ಯಾಕರಣದ ಚಿಂತೆ ಬೇಡ.

ಹಾಗಾದರೆ ಎಂಥ ಪುಸ್ತಕ ಇಡಬೇಕು? ಈ ಚರಿತ್ರೆಯಿಂದ ನಾನು ಆರಿಸಿಕೊಂಡದ್ದು ಇಷ್ಟು. ಪುಸ್ತಕ ಅಗ್ಗದ್ದಿರಲಿ. ಚೆಂದದ ಪುಸ್ತಕಕ್ಕೆ ಚೆಂದದ ಅಕ್ಷರವೇ ಬೇಕೆನಿಸುತ್ತದೆ. ಹದಿನೈದು ನಿಮಿಷ ಗಡಿಯಾರ ನೋಡಿ ಬರೆಯಿರಿ, ಆಮೇಲೆ ನಿಲ್ಲಿಸಿ. ಹೊಡೆದು ಹಾಕುವುದು, ಪುಟ ಹರಿಯುವುದು ಬೇಡ. ತಪ್ಪು ಪದದ ಮುಂದೆ ಸರಿ ಪದ ಬರೆದು ಮುಂದೆ ಸಾಗಿ. ಕನ್ನಡ, ಮರಾಠಿ, ಹಿಂದಿ ಬೆರೆತರೆ ಬೆರೆಯಲಿ. ಇಂದು ಏನು ತಪ್ಪಿತು ಎಂಬುದಕ್ಕಿಂತ ಏನು ನಡೆಯಿತು, ಏನನಿಸಿತು, ಎಲ್ಲಿ ಸುಖವಾಯಿತು ಎಂದು ಕೇಳಿಕೊಳ್ಳಿ. ‘ಎಲ್ಲ ಹಾಳಾಯಿತು’ ಎಂಬ ಮಾತು ಬಂದರೆ ಅದನ್ನೂ ಬರೆದು, ಕೆಳಗೆ ‘ಯಾವುದು ಹಾಳಾಯಿತು? ಯಾವುದು ಉಳಿಯಿತು?’ ಎಂದು ಎರಡು ಸಾಲು ಸೇರಿಸಿ. ಒಂದು ದಿನ ಬರೆಯದಿದ್ದರೆ ಮರುದಿನ ಅದರ ಸಾಲ ತೀರಿಸಬೇಕಾಗಿಲ್ಲ. ವುಲ್ಫ್ ಅವರ ದಿನಚರಿಯಲ್ಲೂ ತಿಂಗಳುಗಟ್ಟಲೆ ಬಿಡುವುಗಳಿವೆ.

ನಾನು ಹೀಗೆ ಬರೆಯತೊಡಗಿ ಎರಡು ವರ್ಷವಾಯಿತು. ಈಗಲೂ ಅಕ್ಕಿಯ ಡಬ್ಬಿಗಳು ಸಾಲಾಗಿಯೇ ಇರಬೇಕು ನನಗೆ, ಆ ಗುಣ ಹೋಗಿಲ್ಲ. ಆದರೆ ರಾತ್ರಿ ಮಲಗುವಾಗ ದಿನದ ಕೊರತೆಗಳನ್ನು ಎಣಿಸುವ ಅಭ್ಯಾಸ ಕಡಿಮೆಯಾಗಿದೆ. ಇನ್ನು ಮುಂದಿನ ಸಂಚಿಕೆಗೆ ನಿಮ್ಮ ಪುಸ್ತಕದಿಂದ ಒಂದು ಪುಟ ಕಳಿಸಿಕೊಡಲು ಮನಸ್ಸಾದರೆ ಕಳಿಸಿ. ಒತ್ತಕ್ಷರವನ್ನು ನಾವು ಕೂತು ಸರಿಮಾಡಿಕೊಳ್ಳೋಣ. ನೀವು ಕಂಡದ್ದನ್ನು ಬರೆಯಬಲ್ಲವರು ನೀವೊಬ್ಬರೇ.