ಪೀಛೇ ಮುಡ್!

ಆಗಸ್ಟ್ ತಿಂಗಳು ಬಂತೆಂದರೆ ನಮ್ಮ ಶಾಲೆಯ ಬಯಲಿನಲ್ಲಿ ಕವಾಯತು ಶುರು. ಇಲ್ಲಿ ಜತ್ತ ಭಾಗದಲ್ಲಿ ನಮ್ಮ ಪಾಠ ಕನ್ನಡ, ಕಚೇರಿ ಮರಾಠಿ, ಕವಾಯತಿನ ಅಪ್ಪಣೆ ಮಾತ್ರ ಹಿಂದಿ! "ಪೀಛೇ ಮುಡ್" ಅಂದರೆ ಅರ್ಧ ಮಕ್ಕಳು ಬಲಕ್ಕೆ, ಅರ್ಧ ಮಕ್ಕಳು ಎಡಕ್ಕೆ ತಿರುಗಿ ನಡುವೆ ಡಿಕ್ಕಿ ಹೊಡೆದುಕೊಳ್ಳುತ್ತಾರೆ. "ಎಡಕ್ಕೆ ತಿರುಗಿದರೂ ಅಲ್ಲಿಗೇ ಬರ್ತೀವಲ್ರೀ ಸರ್, ಬಲಕ್ಕೇ ಯಾಕ?" ಎಂದು ಒಬ್ಬ ಹುಡುಗ ಕೇಳಿದ.

ಇದೇ ಅಪ್ಪಣೆ ಬ್ರಿಟಿಷರಿಗೆ "ಅಬೌಟ್ ಟರ್ನ್", ಅಮೆರಿಕದವರಿಗೆ "ಅಬೌಟ್ ಫೇಸ್". ಇಂದು ಪತ್ರಿಕೆಗಳಲ್ಲಿ ಅದಕ್ಕೆ ನಿನ್ನೆ ಆಡಿದ ಮಾತಿಗೆ ಪೂರಾ ಉಲ್ಟಾ ಹೊಡೆಯುವುದು ಎಂದರ್ಥ. ಸೈನಿಕರಲ್ಲಿ ಈ ಮಾತಿಗೆ ಇಂಥ ಅವಮಾನವೇನೂ ಇರಲಿಲ್ಲ.

1778ರ ಚಳಿಗಾಲದ ಕೊನೆಯಲ್ಲಿ ಪ್ರಷ್ಯದ ಸ್ಟಾಯ್ಬೆನ್ ವ್ಯಾಲಿ ಫೋರ್ಜ್ ಶಿಬಿರಕ್ಕೆ ಬಂದು ವಾಷಿಂಗ್ಟನ್ನರ ಸೈನಿಕರಿಗೆ ಕವಾಯತು ಕಲಿಸತೊಡಗಿದ. ಇಂಗ್ಲಿಷ್ ಸರಿಯಾಗಿ ಬಾರದು. ಫ್ರೆಂಚಿನಲ್ಲಿ ಹೇಳಿದ್ದನ್ನು ಇನ್ನೊಬ್ಬರು ಅನುವಾದಿಸಬೇಕು. (ನಮ್ಮ ಬಯಲಿನ ಕಷ್ಟ ಅವನಿಗೂ ಇತ್ತು ನೋಡಿ!) 1779ರಲ್ಲಿ ಅಚ್ಚಾದ ಅವನ ನಿಯಮಾವಳಿಯಲ್ಲಿ ಬಲಗಡೆಯಿಂದ ಹಿಂದಕ್ಕೆ ಮುಖಮಾಡಲು ಮೂರು ಚಲನೆಗಳಿವೆ. ಬಲಗಾಲು ಹಿಂದಿಟ್ಟು, ಬಲಗೈಯಲ್ಲಿ ತೋಟಾಪೆಟ್ಟಿಗೆ ಹಿಡಿದುಕೊಳ್ಳಬೇಕು. ಎರಡೂ ಹಿಮ್ಮಡಿಗಳ ಮೇಲೆ ಗರ್ರನೆ ತಿರುಗಬೇಕು. ಆಮೇಲೆ ಕಾಲು ಸೇರಿಸಿ ಪೆಟ್ಟಿಗೆ ಬಿಡಬೇಕು. ಪೆಟ್ಟಿಗೆ ಓಲಾಡಿ ಪಕ್ಕದವನಿಗೆ ಬಡಿಯಬಾರದಲ್ಲ! ಮುಂದೆ "ಬಲ" ಎಂಬ ಮಾತು ಉದುರಿ "ಅಬೌಟ್ ಫೇಸ್" ಉಳಿಯಿತು.

ಶತ್ರುವಿಗೆ ಬೆನ್ನು ತೋರಿಸುವುದನ್ನೂ ಹೀಗೆ ಎಣಿಸಿ ಕಲಿಸಬೇಕಿತ್ತು. ಅಪ್ಪಣೆಯಂತೆ ಸಾಲಾಗಿ ತಿರುಗಿದರೆ ಹಿಮ್ಮೆಟ್ಟುವಿಕೆ. ಒಬ್ಬೊಬ್ಬನೇ ತಿರುಗಿದರೆ ಪಲಾಯನ. ಅದೇ 1778ರ ಜೂನ್ 28ರಂದು ಮನ್‌ಮತ್ ಕಾಳಗದಲ್ಲಿ ಜನರಲ್ ಚಾರ್ಲ್ಸ್ ಲೀಯ ಪಡೆ ಹಿಂದಕ್ಕೆ ಬರುತ್ತಿತ್ತು. ವಾಷಿಂಗ್ಟನ್ ದಾರಿಯಲ್ಲೇ ತಡೆದು, ಸಿಟ್ಟಿಗೆದ್ದು, ಆ ಪಡೆಯನ್ನು ಮತ್ತೆ ಬ್ರಿಟಿಷರತ್ತ ಮುಖಮಾಡಿಸಿ ನಿಲ್ಲಿಸಿದರು. ವ್ಯಾಲಿ ಫೋರ್ಜಿನ ಕವಾಯತು ಅಂದು ಕೈ ಕೊಡಲಿಲ್ಲ. ಲೀ ಮೇಲೆ ಸೈನಿಕ ವಿಚಾರಣೆ ನಡೆದು, ಒಂದು ವರ್ಷ ಅಧಿಕಾರ ಹೋಯಿತು. ಹಿಂದೆ ತಿರುಗಲು ಅಪ್ಪಣೆ ಯಾರದು ಎಂಬುದೇ ಅಲ್ಲಿ ಪ್ರಶ್ನೆ. ಇಂದಿನ ನಾಯಕರು ತಮಗೆ ತಾವೇ ಅಪ್ಪಣೆ ಕೊಟ್ಟುಕೊಳ್ಳುತ್ತಾರೆ, ಅದಕ್ಕೇ ಇರಬೇಕು ಈ ಮಾತಿಗೆ ಮೂದಲಿಕೆ ಅಂಟಿದ್ದು. ಈಗಂತೂ ಮೋಟಾರು ರಸ್ತೆಯ "ಯೂ ಟರ್ನ್" ಬಂದು ಇದರ ಜಾಗ ಹಿಡಿದಿದೆ.

ಹುಡುಗನಿಗೆ ಇಷ್ಟೆಲ್ಲ ಹೇಳಲಿಲ್ಲ. "ಕೈಯಾಗ ಬಂದೂಕು ಇದ್ದಿದ್ರ ಬಾಜೂದವನ ಮೂಗು ಏನಾಗ್ತಿತ್ತೋ?" ಎಂದೆ. ಮರುದಿನ ಎಲ್ಲರೂ ಬಲಕ್ಕೇ ತಿರುಗಿದರು, ಅವನೊಬ್ಬನನ್ನು ಬಿಟ್ಟು.