ಅರ್ಥ್ ಎಲ್ಲಿ ಹೋಯ್ತು? ಹಳೇ ಎಸ್‌ಯುವಿಗಳ ಕತ್ತಲೆಯ ಇತಿಹಾಸ

ಇಯರ್‌ಫೋನ್ ಹಾಕ್ಕೊಂಡಿದ್ದೀರಲ್ವಾ? ಇವತ್ತಿನ ಕಥೆ ಶುರುವಾಗೋದು ಚಾರ್ಮಾಡಿ ಘಾಟಿಯಲ್ಲಿ, ಜುಲೈ ತಿಂಗಳ ಒಂದು ರಾತ್ರಿ.

ಮಳೆ ಅಂದ್ರೆ ಅಂಥಿಂಥ ಮಳೆ ಅಲ್ಲ. ಚಿಕ್ಕಪ್ಪ ಡ್ರೈವ್ ಮಾಡ್ತಿದ್ರು, ನಾನು ಪಕ್ಕದಲ್ಲಿ. ಗಾಡಿ ಇಪ್ಪತ್ತು ವರ್ಷ ದಾಟಿದ ಎಸ್‌ಯುವಿ. ಇಂಡಿಕೇಟರ್ ಹಾಕಿದ್ರೆ ಅದರ ತಾಳಕ್ಕೆ ಸರಿಯಾಗಿ ಹೆಡ್‌ಲೈಟ್ ಮಂಕಾಗೋದು, ವೈಪರ್ ಏದುಸಿರು ಬಿಡೋದು. ಒಂದು ತಿರುವಿನಲ್ಲಿ ಎರಡು ಸೆಕೆಂಡ್ ಪೂರ್ತಿ ಕತ್ತಲೆ. ಮುಂದೆ ಪ್ರಪಾತ ಇದೆಯೋ ರಸ್ತೆ ಇದೆಯೋ ಗೊತ್ತಾಗ್ಲಿಲ್ಲ. ಚಿಕ್ಕಪ್ಪ ಬ್ರೇಕ್ ಮೇಲೆ ನಿಂತೇಬಿಟ್ರು.

ಅದಕ್ಕೂ ಮೊದಲು ಎರಡು ಗ್ಯಾರೇಜ್ ಸುತ್ತಿ ಆಗಿತ್ತು. ಒಬ್ಬರು ಹೊಸ ಬ್ಯಾಟರಿ ಹಾಕಿಸಿದ್ರು, ಇನ್ನೊಬ್ಬರು ಆಲ್ಟರ್ನೇಟರ್ ಬದಲಾಯಿಸಿದ್ರು. ದುಡ್ಡು ಹೋಯ್ತು, ರೋಗ ಹೋಗ್ಲಿಲ್ಲ. ಮರುದಿನ ಉಜಿರೆಯಲ್ಲಿ ಸಿಕ್ಕ ವಯಸ್ಸಾದ ಎಲೆಕ್ಟ್ರಿಷಿಯನ್ ಬಾನೆಟ್ ಎತ್ತಿ, ತುಕ್ಕು ಹಿಡಿದ ಒಂದು ಬೋಲ್ಟ್ ತೋರಿಸಿದ್ರು. "ಬ್ಯಾಟರಿ ಸರಿ ಉಂಟು ಮಾರಾಯ್ರೆ, ಅರ್ಥ್ ಇಲ್ಲ ಅಷ್ಟೆ." ನನಗೆ ಅರ್ಥವೂ ಆಗ್ಲಿಲ್ಲ!

ಹಾಗಾಗಿ ಅದರ ಇತಿಹಾಸ ಹುಡುಕ್ತಾ ಹೋದೆ. ಹೋಗಿ ತಲುಪಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ.

ಜೋಸೆಫ್ ಲ್ಯೂಕಸ್ ಅನ್ನೋ ವ್ಯಾಪಾರಿ 1860ರ ಸುಮಾರಿಗೆ ಅಲ್ಲಿನ ಬೀದಿಗಳಲ್ಲಿ ಸೀಮೆಎಣ್ಣೆ ಮಾರ್ತಿದ್ದ. ಆಮೇಲೆ ದೀಪ ಮಾಡೋಕೆ ಶುರು ಮಾಡ್ದ. ಅವನ ಸೈಕಲ್ ದೀಪದ ಹೆಸರು 'ಕಿಂಗ್ ಆಫ್ ದಿ ರೋಡ್', ರಸ್ತೆಯ ರಾಜ. ಮುಂದೆ ಅದೇ ಕಂಪನಿ ಬ್ರಿಟಿಷ್ ಕಾರುಗಳಿಗೆ ಡೈನಮೋ, ಸ್ವಿಚ್, ಹೆಡ್‌ಲೈಟ್ ಎಲ್ಲ ಪೂರೈಸೋ ದೈತ್ಯ ಆಯ್ತು. ಆದ್ರೆ ಕಾರು ಇಟ್ಕೊಂಡವರು ಲ್ಯೂಕಸ್‌ಗೆ ಕೊಟ್ಟ ಅಡ್ಡಹೆಸರು 'ಪ್ರಿನ್ಸ್ ಆಫ್ ಡಾರ್ಕ್‌ನೆಸ್'. ಕತ್ತಲೆಯ ಯುವರಾಜ. ಇಂಗ್ಲಿಷರು ಬಿಯರ್ ಬೆಚ್ಚಗೆ ಕುಡಿಯೋದ್ಯಾಕೆ? ಅವರ ಫ್ರಿಜ್ ಮಾಡಿದ್ದೂ ಲ್ಯೂಕಸ್ಸೇ ಅಂತ ಜೋಕ್ ಬೇರೆ.

ನಗು ಬರುತ್ತೆ, ನಿಜ. ಆದ್ರೆ ತಪ್ಪೆಲ್ಲ ಲ್ಯೂಕಸ್‌ನದ್ದೇ ಅನ್ನೋದನ್ನ ನಾನು ಒಪ್ಪಲ್ಲ. ಯಾಕೆ ಅಂದ್ರೆ ಲ್ಯಾಂಡ್ ರೋವರ್ ಕಥೆ ನೋಡಿ.

ಎರಡನೇ ಮಹಾಯುದ್ಧ ಮುಗಿದಾಗ ಬ್ರಿಟನ್‌ನಲ್ಲಿ ಉಕ್ಕಿಗೆ ಬರ, ರೇಷನ್. ವಿಮಾನ ಕಟ್ಟೋಕೆ ಬಳಸ್ತಿದ್ದ ಅಲ್ಯೂಮಿನಿಯಂ ಮಾತ್ರ ಸಿಗ್ತಿತ್ತು. ರೋವರ್ ಕಂಪನಿಯ ಮಾರಿಸ್ ವಿಲ್ಕ್ಸ್ ತನ್ನ ಜಮೀನಿನಲ್ಲಿ ಯುದ್ಧಕಾಲದ ವಿಲ್ಲೀಸ್ ಜೀಪ್ ಓಡಿಸ್ತಿದ್ದವರು. ಅಂಥದ್ದೇ ಗಾಡಿ ನಾವೂ ಮಾಡೋಣ ಅಂತ ಹೊರಟ್ರು. ಚಾಸಿ ಉಕ್ಕಿನದ್ದು, ಬಾಡಿ ಅಲ್ಯೂಮಿನಿಯಂ ಮಿಶ್ರಲೋಹದ್ದು. 1948ರ ಏಪ್ರಿಲ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್ ಮೋಟಾರ್ ಶೋನಲ್ಲಿ ಅದು ಜಗತ್ತಿಗೆ ಕಾಣಿಸ್ಕೊಳ್ತು.

ಈಗ ಸ್ವಲ್ಪ ಹೈಸ್ಕೂಲ್ ವಿಜ್ಞಾನ ನೆನಪು ಮಾಡ್ಕೊಳ್ಳಿ. ಎರಡು ಬೇರೆ ಲೋಹ ಒಂದಕ್ಕೊಂದು ತಾಗಿ, ಮಧ್ಯೆ ನೀರು ಸೇರಿದ್ರೆ ಅಲ್ಲೊಂದು ಪುಟ್ಟ ಬ್ಯಾಟರಿ ತಯಾರಾಗುತ್ತೆ. ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತೆ. ಕಾರಿನ ವೈರಿಂಗ್‌ನಲ್ಲಿ ಪ್ರತಿ ಬಲ್ಬಿಗೆ ಎರಡು ವೈರ್ ಎಳೆಯಲ್ಲ. ಕರೆಂಟ್ ಹೋಗೋಕೆ ಒಂದು ವೈರ್, ವಾಪಸ್ ಬರೋಕೆ ಗಾಡಿಯ ಲೋಹದ ಮೈಯೇ ದಾರಿ. ಅದೇ ಅರ್ಥ್. ತಾಮ್ರ ಉಳಿಯುತ್ತೆ ಅಂತ ಮಾಡಿದ ಜಾಣತನ ಇದು. ಆ ಬಿಳಿ ಪುಡಿ ಕೂತಿದ್ದು ಕರೆಕ್ಟಾಗಿ ಆ ವಾಪಸ್ ದಾರಿಯಲ್ಲೇ. ದೀಪ ಆರಿದಾಗ ಬೈಗುಳ ತಿಂದಿದ್ದು ಲ್ಯೂಕಸ್. ಎಷ್ಟೋ ಸಲ ಕಾರಣ ಯುದ್ಧಾನಂತರದ ಉಕ್ಕಿನ ಬರ.

ಹಾಗಂತ ಲ್ಯೂಕಸ್‌ಗೆ ಪೂರ್ತಿ ಕ್ಲೀನ್ ಚಿಟ್ ಬೇಡ. ಆಗಿನ ಸೀರೀಸ್ ಲ್ಯಾಂಡ್ ರೋವರ್‌ಗಳಲ್ಲಿ ಎರಡೇ ಫ್ಯೂಸ್ ಇರ್ತಿದ್ದ ಮಾದರಿಗಳಿವೆ, ಹೆಡ್‌ಲೈಟ್‌ಗೆ ಫ್ಯೂಸೇ ಇಲ್ಲ. ಬ್ಯಾಟರಿಯ ಪ್ಲಸ್ಸನ್ನೇ ಬಾಡಿಗೆ ಜೋಡಿಸೋ ಪದ್ಧತಿ ಬೇರೆ. ಟ್ರಾನ್ಸಿಸ್ಟರ್ ರೇಡಿಯೊ, ಆಲ್ಟರ್ನೇಟರ್ ಎಲ್ಲ ಬಂದ ಮೇಲೆ, 1960ರ ದಶಕದಲ್ಲಿ ಅದು ಮೈನಸ್‌ಗೆ ತಿರುಗಿತು. ಒಂದು ಒಳ್ಳೇದೂ ಮಾಡಿದ್ರು: ವೈರ್‌ಗಳ ಬಣ್ಣದ ಲೆಕ್ಕ. ಕಪ್ಪು ಅಂದ್ರೆ ಅರ್ಥ್, ಕಂದು ಬ್ಯಾಟರಿಯಿಂದ ನೇರ, ಬಿಳಿ ಇಗ್ನಿಷನ್, ನೀಲಿ ಹೆಡ್‌ಲೈಟ್. ಬ್ರಿಟಿಷ್ ಕಾರು ರಿಪೇರಿ ಮಾಡೋರಿಗೆ ಅದು ಮಗ್ಗಿ ಇದ್ದ ಹಾಗೆ.

ಆಲ್ಟರ್ನೇಟರ್ ಜೊತೆ ಒಂದು ಹಳೇ ಅಭ್ಯಾಸ ಅಪಾಯಕಾರಿ ಆಯ್ತು. ಡೈನಮೋ ಕಾಲದಲ್ಲಿ ಇಂಜಿನ್ ಓಡ್ತಿರುವಾಗಲೇ ಬ್ಯಾಟರಿ ಟರ್ಮಿನಲ್ ಕಿತ್ತು, ಚಾರ್ಜಿಂಗ್ ಇದೆಯಾ ಅಂತ ನೋಡ್ತಿದ್ರು. ಈಗ ಯಾರಾದ್ರೂ ಹಾಗೆ ಮಾಡೋಕೆ ಬಂದ್ರೆ ಕೈ ಹಿಡ್ಕೊಳ್ಳಿ. ವೋಲ್ಟೇಜ್ ಒಮ್ಮೆಲೇ ಜಿಗಿದು ಆಲ್ಟರ್ನೇಟರ್‌ನ ಡಯೋಡ್, ಇಸಿಯು ಸುಟ್ಟು ಹೋಗಬಹುದು.

ಇನ್ನು 1986ರಲ್ಲಿ ಬಾಷ್ ಕಂಪನಿ ಕ್ಯಾನ್ ಬಸ್ ಅನ್ನೋ ವ್ಯವಸ್ಥೆ ಪರಿಚಯಿಸ್ತು. ಎರಡು ವೈರ್ ಮೇಲೆ ಗಾಡಿಯ ಕಂಪ್ಯೂಟರ್‌ಗಳು ಮಾತಾಡ್ಕೊಳ್ಳೋ ಏರ್ಪಾಡು. ಹೌದು, ಬೆಂಗಳೂರಿನವರು ಮೈಕೊ ಅಂತ ಕರೀತಿದ್ದ ಆಡುಗೋಡಿ ಕಾರ್ಖಾನೆಯ ಅದೇ ಬಾಷ್. ಸ್ಕ್ಯಾನರ್ ಚುಚ್ಚಿ ಕೋಡ್ ಓದೋ ಕಾಲವೂ ಬಂತು. ಆದ್ರೆ ಅರ್ಥ್ ಸಡಿಲ ಇದ್ರೆ ಸ್ಕ್ಯಾನರ್ ನಾಲ್ಕು ಸೆನ್ಸರ್ ಹೆಸರು ಹೇಳುತ್ತೆ, ತುಕ್ಕು ಹಿಡಿದ ಬೋಲ್ಟ್ ಹೆಸರು ಹೇಳಲ್ಲ.

ಉಜಿರೆಯ ಆ ಹಿರಿಯರು ಮಾಡಿದ್ದು ಇಷ್ಟೇ. ಇಂಜಿನ್ ಸ್ಟಾರ್ಟ್, ಹೆಡ್‌ಲೈಟ್ ಆನ್. ಮಲ್ಟಿಮೀಟರ್ ಡಿಸಿ ವೋಲ್ಟ್‌ಗೆ. ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಹೆಡ್‌ಲೈಟಿನ ಅರ್ಥ್ ಬೋಲ್ಟಿಗೆ. ರೀಡಿಂಗ್ 0.2 ವೋಲ್ಟ್ ಒಳಗಿರಬೇಕು. ನಮ್ಮದರಲ್ಲಿ ಒಂದೂವರೆ ದಾಟಿತ್ತು! ಮೀಟರ್ ಬೀಪ್ ಅಂದ್ರೆ ವೈರ್ ಸರಿ ಇದೆ ಅಂತ ನಂಬಬೇಡಿ. ಬೀಪ್ ಬರೋಕೆ ತಾಮ್ರದ ಒಂದೇ ಎಳೆ ಸಾಕು. 60 ವಾಟ್‌ನ ಎರಡು ಬಲ್ಬಿಗೆ ಹತ್ತು ಆಂಪಿಯರ್ ಬೇಕು, ಅದನ್ನ ಆ ಒಂದು ಎಳೆ ಹೊರಲ್ಲ. ಅದಕ್ಕೇ ಲೋಡ್ ಇದ್ದಾಗಲೇ ಅಳೀಬೇಕು.

ಬ್ಯಾಟರಿ ಮೈನಸ್ ಕಳಚಿ, ಬೋಲ್ಟ್ ಬಿಚ್ಚಿ, ಸ್ಯಾಂಡ್‌ಪೇಪರ್‌ನಲ್ಲಿ ಲೋಹ ಹೊಳೆಯೋವರೆಗೂ ಉಜ್ಜಿ, ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿದ್ರು. ಹತ್ತು ನಿಮಿಷದ ಕೆಲಸ. ಎಷ್ಟಾಯ್ತು ಅಂತ ಚಿಕ್ಕಪ್ಪ ಕೇಳಿದ್ರೆ, "ಚಾ ಕುಡ್ಸಿ ಸಾಕು" ಅಂದ್ರು. ಚಿಕ್ಕಪ್ಪ ಐನೂರು ಕೊಟ್ರು. ಹಳೇ ಆಲ್ಟರ್ನೇಟರ್ ಇನ್ನೂ ನಮ್ಮ ಕೊಟ್ಟಿಗೆಯಲ್ಲಿದೆ, ಒಂದು ದಿನ ಟೆಸ್ಟ್ ಬೆಂಚ್ ಮೇಲೆ ಇಟ್ಟು ನೋಡಿದ್ವಿ. ಏನೂ ಆಗಿರ್ಲಿಲ್ಲ ಅದಕ್ಕೆ.